ದೊಡ್ಡಮ್ಮನ ಬಟಾಟೆ ಏರಿ

ದೊಡ್ಡಮ್ಮನ ಉಗುರಿನ ಸಂದಿಯ ಕೆಂಪು ಮಣ್ಣು ಮದುವೆಮನೆಯಲ್ಲೂ ಹೋಗುತ್ತಿರಲಿಲ್ಲ. ಯಾರಾದರೂ ನೋಡಿ ಮುಖ ಸಿಂಡರಿಸಿದರೆ ಕೈಯನ್ನು ಇನ್ನಷ್ಟು ಮುಂದೆ ಚಾಚುತ್ತಿದ್ದಳು.

ಅವಳು ಅಮ್ಮನ ಅಕ್ಕ. ಮಾಸ್ತಿಕಟ್ಟೆಯ ಹತ್ತಿರ ಮನೆ. ನಮ್ಮ ಕಡೆ ಬಟಾಟೆ ಎಂದರೆ ಸಂತೆಯಿಂದ ತರುವ ಗಡ್ಡೆ. ಈ ಥಂಡಿ ನೆಲದಲ್ಲಿ ಕೊಳೆತುಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಮೊದಲ ಸಲ ಕೊಳೆತೂ ಹೋಯಿತು. ಅವಳು ಮುಂದಿನ ವರ್ಷ ಮಳೆಗಾಲ ಮುಗಿಯುವವರೆಗೆ ಕಾದು, ಹಿತ್ತಿಲಲ್ಲಿ ಮಣ್ಣಿನ ಏರಿ ಎತ್ತರಿಸಿ, ಬೂದಿ ಬೆರೆಸಿ ಮತ್ತೆ ನೆಟ್ಟಳು. ಬಂತು. ಕೆಂಪು ಸಿಪ್ಪೆಯದು ಪಲ್ಯಕ್ಕೆ, ಹಿಟ್ಟುಹಿಟ್ಟಾಗಿ ಒಡೆಯುವ ಬಿಳಿಯದು ಹುಳಿಗೆ, ಗೋಲಿಯಂಥ ಪುಟ್ಟವು ಸಿಪ್ಪೆಸಮೇತ ಒಗ್ಗರಣೆಗೆ. ನೇರಳೆ ಬಣ್ಣದ ಜಾತಿಯೊಂದನ್ನು ದೊಡ್ಡಪ್ಪ ಎಲ್ಲಿಂದಲೋ ತಂದಿದ್ದ. ಅದನ್ನು ಬೇಯಿಸಿ, ಸೂಜಿಮೆಣಸು, ಕಾಯಿತುರಿ ಹಾಕಿ ಬಾಡಿಸಿದರೆ ಅವನಿಗೆ ಬೇರೇನೂ ಬೇಡ.

ದೊಡ್ಡಪ್ಪನ ವರ್ಷದ ತಿಥಿಗೆ ವರದಮೂಲದ ಕಡೆಯಿಂದ ಅವನ ತಮ್ಮ ಬಂದ. ಅಡುಗೆಮನೆಯಲ್ಲಿ ಆ ನೇರಳೆ ಪಲ್ಯ ಕಂಡು ಗಾಬರಿಯಾದ.

"ಎಂತ ಅತ್ತಿಗೆ ಇದು? ಬಟಾಟೆ ತಿಥಿಗೆ ಬತ್ತಿಲ್ಲೆ."

"ನಿನ್ನಣ್ಣ ಬದುಕಿದ್ದಾಗ ಈ ತಿಥಿಯ ಹಾಗಲಕಾಯಿ ಮುಟ್ಟಿದ್ದೇ ಇಲ್ಲೆ. ಈಗ ಅದು ರುಚಿ ಆಗ್ತಾ?"

"ಶಾಸ್ತ್ರ ಅಂಬದು ಒಂದು ಇದ್ದು."

"ಶಾಸ್ತ್ರದ ಅಡುಗೆ ಅಲ್ಲಿದ್ದು. ಇದು ಎನ್ನ ಅಡುಗೆ."

ತಿಥಿ ಮಾಡಿಸಲು ಬಂದಿದ್ದ ಭಟ್ಟರು ಎದ್ದುಹೋದರು. ತಮ್ಮನ ಸಂಸಾರ ಉಣ್ಣದೆ ಜೀಪು ಹತ್ತಿತು. ದೊಡ್ಡಮ್ಮ ಉಳಿದವರನ್ನು ಕೂರಿಸಿ ತಾನೇ ಬಡಿಸಿದಳು. ಮುಂದಿನ ವರ್ಷಗಳಲ್ಲಿ ಅರ್ಧ ನೆಂಟರು ಬರಲಿಲ್ಲ. ಪಲ್ಯ ಮಾತ್ರ ತಪ್ಪಲಿಲ್ಲ.

ನಾನು ಗಂಡನ ಮನೆ ಬಿಟ್ಟು ಬಂದಾಗ, ಜನರಿಗೆ ಏನು ಹೇಳುವುದು ಎಂದು ಅಮ್ಮ ಅತ್ತಳು. ಸುದ್ದಿ ಕೇಳಿದ ದೊಡ್ಡಮ್ಮ ಬಸ್ಸು ಹತ್ತಿ ಬಂದು ನನ್ನನ್ನು ಕರೆದೊಯ್ದಳು. ಕಾರಣ ಕೇಳಲಿಲ್ಲ. ಬೆಳಗ್ಗೆ ಕೈಗೆ ಗುದ್ದಲಿ ಕೊಟ್ಟು, "ಗಿಡದ ಬುಡಕ್ಕೆ ಮಣ್ಣು ಏರ್ಸು. ಅಳದಾದ್ರೆ ಅಳು, ಕೆಲಸ ನಿಲ್ಸಡ" ಎಂದಳು. ಗಂಡನ ಮನೆಯವರು ಕರೆಯಲು ಬಂದಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ.

"ಹುಡುಗಿ ಬತ್ತಿಲ್ಲೆ. ಊಟ ಮಾಡ್ಕಂಡು ಹೋಗಿ."

ಅವರು ಊಟ ಮಾಡಲಿಲ್ಲ. ನಾನು ಹೋಗಲಿಲ್ಲ. ಇಂದು ಹೊಸನಗರದಲ್ಲಿ ನನ್ನದೇ ದುಡಿಮೆಯಲ್ಲಿ ಬದುಕುತ್ತಿದ್ದರೆ ಅದು ಆ ಒಂದು ಮಾತಿನಿಂದ.

ಹೋದ ಚಳಿಗಾಲ ಅವಳು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದಳು. ಸಕ್ಕರೆ ಕಾಯಿಲೆ, ಬಟಾಟೆ ಕೊಡಲೇಬಾರದು ಎಂದು ಡಾಕ್ಟರು ಹೇಳಿದ್ದರು. "ತಗಂಡು ಬಾ" ಎಂದಳು ದೊಡ್ಡಮ್ಮ. ಹಿತ್ತಿಲಿನ ಪುಟ್ಟ ಗಡ್ಡೆಗಳನ್ನು ಕಿತ್ತು, ಒಗ್ಗರಣೆ ಹಾಕಿ ಒಯ್ದೆ. ಒಂದೆರಡು ತಿಂದು, "ಉಪ್ಪು ಕಮ್ಮಿ ಆಯ್ದು" ಎಂದು ಡಬ್ಬಿಯನ್ನು ನನ್ನತ್ತ ನೂಕಿದಳು. ಮರುದಿನ ಬೆಳಗ್ಗೆ ಹೋಗಿಬಿಟ್ಟಳು.

ಫೋನಿನಲ್ಲಿ ಅಮ್ಮ ಅಳುತ್ತ, ಅಕ್ಕ ಕೊನೆಗೆ ಏನಾದರೂ ಹೇಳಿದಳೇ ಎಂದು ಕೇಳಿದಳು. ಹೇಳಿದೆ. ಅಮ್ಮನ ಅಳು ನಿಂತಿತು.

"ಉಪ್ಪು ಕಮ್ಮಿ ಇತ್ತಾ?"

"ಇತ್ತು" ಎಂದೆ.