ಹೊಂಬಾಳಮ್ಮನ ಹಸುವಿಗೆ ಬಂದ ಜಪ್ತಿ

ಹೊಂಬಾಳಮ್ಮನವರನ್ನು ನಾನು ಮೊದಲು ಕಂಡದ್ದು ಮಳವಳ್ಳಿಯ ನಮ್ಮ ಬೀದಿಗೆ ಅವರು ಬಾಡಿಗೆಗೆ ಬಂದ ದಿನ. ಎರಡು ವರ್ಷದ ಹಿಂದಿನ ಮಾತು. ಟೆಂಪೊದಿಂದ ಮೊದಲು ಇಳಿದದ್ದು ಒಂದು ಕಪ್ಪು ಬಿಳುಪಿನ ಸೀಮೆ ಹಸು, ಅದರ ಹಿಂದೆ ಹಗ್ಗ ಹಿಡಿದ ಅವರು. ಪಾತ್ರೆಗಳು, ಹಾಸಿಗೆಗಳು ಮತ್ತು ಮಗಳು ದೀಪಿಕ ಬಹಳ ಹೊತ್ತು ಟೆಂಪೊದಲ್ಲೇ ಕಾಯಬೇಕಾಯಿತು. ಹಿತ್ತಲಿನಲ್ಲಿ ಹಸುವಿಗೆ ನೆರಳು ಎಲ್ಲಿ ಬೀಳುತ್ತದೆಂದು ಗೊತ್ತಾಗುವ ತನಕ ಹೊಂಬಾಳಮ್ಮ ಬೇರೆ ಯಾವುದನ್ನೂ ಇಳಿಸಲು ಬಿಡಲಿಲ್ಲ.

ನಾನು ಎದುರು ಮನೆಯ ಜಗಲಿಯಲ್ಲಿ ಕುಳಿತಿದ್ದೆ. “ಯಾವೂರಮ್ಮ?” ಎಂದೆ.

“ಕಿರುಗಾವಲು ಕಡೆ, ಮೇಷ್ಟ್ರೇ. ಮಗ್ಳನ್ನ ಇಲ್ಲಿ ನರ್ಸಿಂಗಿಗೆ ಸೇರ್ಸಿವ್ನಿ. ಅವ್ರಪ್ಪ ಇಲ್ಲ. ಫೀಸು ಕಟ್ಟೋಳು ಇವ್ಳೇ,” ಎಂದು ಹಸುವಿನ ಬೆನ್ನು ತಟ್ಟಿದರು.

ಅದೊಂದೇ ಹಸು. ಬೆಳಿಗ್ಗೆ ಏಳು ಲೀಟರು, ಸಂಜೆ ಐದು. ದೀಪಿಕಳ ಓದು, ಮನೆಯ ಬಾಡಿಗೆ, ಉಪ್ಪು, ಎಣ್ಣೆ ಎಲ್ಲವೂ ಆ ಹನ್ನೆರಡು ಲೀಟರಿನಲ್ಲೇ ಆಗಬೇಕು.

ಒಂಬತ್ತನೆಯ ದಿನ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಪುನೀತ್, ಯಾವುದೋ ಫೈನಾನ್ಸ್ ಕಂಪನಿಯ ವಸೂಲಿಯವನು. ಇನ್ನೊಬ್ಬನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ದಪ್ಪನೆಯ ಆಸಾಮಿ, ಮಾತಾಡುತ್ತಿರಲಿಲ್ಲ. ಕಂಪನಿ ಅವನಿಗೆ ಸಂಬಳ ಕೊಡುತ್ತಿದ್ದದ್ದು ಬಾಗಿಲಿಗೆ ಅಡ್ಡ ನಿಲ್ಲುವುದಕ್ಕೆ.

“ರವಿಚಂದ್ರ ಎಲ್ಲಮ್ಮ?”

“ಯಾವ ರವಿಚಂದ್ರನಪ್ಪ?”

“ಈ ಮನೇಲಿರೋನು. ಸಾಲ ತಗೊಂಡು ಆರು ಕಂತು ಕಟ್ಟಿಲ್ಲ.”

“ಅವ್ನು ಬುಟ್ಟೋಗಿ ಎಲ್ಡು ತಿಂಗ್ಳಾಯ್ತಂತೆ. ನಾವು ಒಸ್ಬರು.”

“ಎಲ್ಲಿಗೋದ?”

“ನಾನೇನ್ ಅವ್ನನ್ನ ಗೂಟಕ್ಕೆ ಕಟ್ಟಾಕಿದ್ನಾ?”

ಅಂದಿನಿಂದ ವಾರಕ್ಕೆ ಎರಡು ಸಲ ಅವರ ಸವಾರಿ ಬರತೊಡಗಿತು. ಬಾಡಿಗೆ ಕರಾರು ತೋರಿಸಿದರೆ, “ಇದನ್ನ ಯಾರು ಬೇಕಾದ್ರೂ ಬರೆಸ್ಬೋದು” ಎಂದರು. ಆಧಾರ್ ಕಾರ್ಡು ತೋರಿಸಿದರೆ, “ರವಿಚಂದ್ರ ನಿಮಗೇನಾಗ್ಬೇಕು?” ಎಂದರು. ಮೆಟ್ಟಿಲ ಮೇಲೆ ಕುಳಿತು ಬೀದಿಗೆಲ್ಲ ಕೇಳುವಂತೆ ಕಂತಿನ ಲೆಕ್ಕ ಹೇಳುವುದು ಅವರ ಪದ್ಧತಿ. ಬೀದಿಯವರಾದ ನಾವೂ ಕಿವಿಗೊಟ್ಟು ಕೇಳಿದೆವೇ ಹೊರತು ಒಬ್ಬರೂ ಎದ್ದು ಹೋಗಿ ಅವರನ್ನು ಗದರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಮನೆಯ ಮಾಲೀಕ ದೇವರಾಜು ಪಕ್ಕದ ಮನೆಯಲ್ಲೇ ಇದ್ದರು. ಅವರು ಕಾಂಪೌಂಡಿನ ಮೇಲಿಂದ ಉಪದೇಶ ಮಾಡುತ್ತಿದ್ದರು.

“ಸಾಲ ಅಂದ್ಮೇಲೆ ತೀರಿಸ್ಬೇಕು ಕಣಮ್ಮ. ಮನೆ ಎಸ್ರು ಕೆಡ್ಬಾರ್ದು ನೋಡು.”

“ಸಾಲ ತಗಂಡೋಳು ನಾನಾ ದೇವರಾಜಣ್ಣ?”

“ಒಟ್ನಲ್ಲಿ ಏಳ್ತಾ ಇವ್ನಿ.”

ಒಂದು ದಿನ ಹಿತ್ತಲಿನಿಂದ ಹಸು ಅಂಬಾ ಎಂದಿತು. ಪುನೀತನ ಕಿವಿ ನೆಟ್ಟಗಾಯಿತು. ರವಿಚಂದ್ರ ಸಾಲ ಎತ್ತಿದ್ದದ್ದು ಹಸು ಕೊಳ್ಳುವುದಕ್ಕೆ. ಕಾಗದದಲ್ಲಿ ಹಸು ಇದೆ, ಈ ಮನೆಯ ವಿಳಾಸವಿದೆ. ಈ ಮನೆಯಲ್ಲಿ ಹಸುವಿದೆ. ಆದ್ದರಿಂದ ಇದು ಆ ಹಸುವೇ. ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ, ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ತೀರ್ಮಾನ ಕಟ್ಟಿದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

ಮಾರನೆಯ ದಿನ ಇಂಗ್ಲಿಷಿನಲ್ಲಿ ಒಂದು ನೋಟೀಸು ಬಂತು. ಹೊಂಬಾಳಮ್ಮ ಅದನ್ನು ನನ್ನಲ್ಲಿಗೆ ತಂದರು. ಸೋಮವಾರದೊಳಗೆ ಬಾಕಿ ಕಟ್ಟದಿದ್ದರೆ ಸದರಿ ಪ್ರಾಣಿಯನ್ನು ಕಂಪನಿಯು ವಶಪಡಿಸಿಕೊಳ್ಳುವುದು ಎಂದಿತ್ತು.

“ಸದರಿ ಪ್ರಾಣಿ ಅಂದ್ರೆ ಯಾರು ಮೇಷ್ಟ್ರೇ, ನಾನಾ?”

“ಹಸು, ಅಮ್ಮ.”

ಅವರು ನಗಲಿಲ್ಲ. ಅದು ಅವರ ಮನೆಯಲ್ಲೇ ಹುಟ್ಟಿದ ಕರು, ಕೊಂಡ ರಸೀತಿ ಇಲ್ಲ. ಸರ್ಕಾರದವರು ಕಿವಿಗೆ ಹಾಕಿದ್ದ ಹಳದಿ ಬಿಲ್ಲೆ ಬೇಲಿಗೆ ಸಿಕ್ಕಿ ಕಿತ್ತುಹೋಗಿತ್ತು. ಡೇರಿಯ ಪುಸ್ತಕದಲ್ಲಿ ಹಾಲಿನ ಲೆಕ್ಕವಿತ್ತೇ ವಿನಾ ಅದು ಯಾವ ಹಸುವಿನ ಹಾಲೆಂದು ಬರೆದಿರಲಿಲ್ಲ. “ಇವ್ಳನ್ನ ಇಡ್ಕಂಡೋದ್ರೆ ಮಗ್ಳು ಓದು ಬುಟ್ಟು ಊರಿಗ್ ವಾಪಸ್ ಬರ್ಬೇಕು,” ಎಂದಷ್ಟೇ ಹೇಳಿ ನೋಟೀಸನ್ನು ಮಡಿಸಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಗೂಡ್ಸ್ ಆಟೋ ಬಂತು. ಪುನೀತನ ಜೊತೆ ಮಂಡ್ಯದ ಕಚೇರಿಯಿಂದ ಶಾಲಿನಿ ಎಂಬ ಮ್ಯಾನೇಜರೂ ಬಂದಿದ್ದರು. ಬೀದಿಯೆಲ್ಲ ಸೇರಿತು. ಪುನೀತ್ ಹಗ್ಗ ಹಿಡಿದೊಡನೆ ಹೊಂಬಾಳಮ್ಮ ನಡುವೆ ನಿಂತರು.

“ಮೊದ್ಲು ನಿಮ್ಮ ಅಸ ಯಾವ್ದು ತೋರ್ಸವ್ವಾ. ಆಮೇಲೆ ನಮ್ದು ಮುಟ್ಟಿ.”

ಶಾಲಿನಿ ನ್ಯಾಯವಾಗಿಯೇ, “ಫೋಟೋ ಇರುತ್ತಲ್ಲ ಪುನೀತ್, ತೆಗೀರಿ,” ಎಂದರು. ಇಷ್ಟು ದಿನ ಆ ಫೋಟೋವನ್ನು ಯಾರೂ ನೋಡಿರಲಿಲ್ಲವೆಂದು ಆಗ ತಿಳಿಯಿತು. ಅದರಲ್ಲಿ ರವಿಚಂದ್ರ ಇಸ್ತ್ರಿ ಅಂಗಿ ತೊಟ್ಟು ಹಗ್ಗ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿದ ಕಪ್ಪು ಬಿಳುಪಿನ ಹಸು.

“ಇದೇ ಅಲ್ವಾ ಮೇಡಂ,” ಎಂದ ಪುನೀತ್.

“ಅದ್ಕೆ ಕೊಂಬದೆ ಕಣ್ಲಾ. ಇವ್ಳಿಗೆ ಎಲ್ಲದೆ?”

“ಕುಯ್ಸಿರ್ತೀರ, ಗುರುತು ಸಿಗ್ಬಾರ್ದು ಅಂತ.”

“ಕೊಂಬು ಕುಯ್ಯೋದು ನಿನ್ ಕ್ರಾಪ್ ಕುಯ್ಸ್ದಂಗೆ ಅನ್ಕಂಡಿದ್ದೀಯಾ? ತತ್ತಾ ಇಲ್ಲಿ.”

ಅವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು. ದನ ಸಾಕಿದವರಿಗೆ ಬೀದಿಯ ಪ್ರತಿ ಹಸುವಿನ ಮುಖವೂ ಗೊತ್ತಿರುತ್ತದೆ. ನನಗೆ ನನ್ನ ಹಳೆಯ ಶಿಷ್ಯರ ಮುಖ ಅಷ್ಟು ನೆನಪಿಲ್ಲ.

“ಅಯ್ಯೋ, ಇದು ದೇವರಾಜಣ್ಣನ ಗೃಹಪ್ರವೇಸದ ಅಸ ಕಣವ್ವಾ!”

ದೇವರಾಜು ಅವರ ಹಸು ನಮ್ಮ ಕಡೆ ಬಹಳ ಪ್ರಸಿದ್ಧ. ಹೊಸ ಮನೆಗೆ ಮೊದಲು ಹಸುವನ್ನು ನುಗ್ಗಿಸಬೇಕಲ್ಲವೇ? ಊರಿನಲ್ಲಿ ಮನೆಗಳು ಹೆಚ್ಚುತ್ತಿವೆ, ಹಸುಗಳು ಹೆಚ್ಚುತ್ತಿಲ್ಲ. ದೇವರಾಜು ಅವರ ಹಸು ಓಲಗಕ್ಕೆ ಬೆದರದು, ಟೈಲ್ಸಿನ ಮೇಲೆ ಜಾರದು, ಕ್ಯಾಮೆರಾ ಕಂಡರೆ ಕತ್ತೆತ್ತಿ ನಿಲ್ಲುತ್ತದೆ. ಮದ್ದೂರಿನಿಂದಲೂ ಬಂದು ಬಾಡಿಗೆಗೆ ಕರೆದೊಯ್ಯುತ್ತಾರೆ.

ಶಾಲಿನಿ ಫೋನನ್ನು ತೆಗೆದುಕೊಂಡು ಉಳಿದ ಹಸು ಸಾಲಗಳ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಐದು ಸಾಲ, ಐದು ಮುಖ, ಒಂದೇ ಹಸು. ಒಂದೆರಡರಲ್ಲಿ ಹಾರವೂ ಅದೇ. ಆ ಫೋಟೋಗಳನ್ನು ತೆಗೆದು ಸಾಲ ಕೊಡಿಸಿದ್ದ ಮಹಾಶಯ ಅಷ್ಟು ಹೊತ್ತಿಗೆ ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋಗಿದ್ದ.

ಕಾಂಪೌಂಡಿನ ಹಿಂದಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದ ದೇವರಾಜು ಅವರನ್ನು ಕರೆಸಲಾಯಿತು.

“ಕೇಳಿದ್ರು, ಕೊಟ್ಟೆ ಮೇಡಂ. ನಾನೇನು ಸಾಲ ತಗಂಡಿದ್ನಾ?”

“ಬಾಡಿಗೆ ಎಷ್ಟು?”

“ಗೃಹಪ್ರವೇಸಕ್ಕೆ ಐನೂರು. ಸಾಲದ ಫೋಟೋಕ್ಕೆ ಸಾವಿರ.”

“ಅದ್ಯಾಕೆ ಜಾಸ್ತಿ?”

“ಗೃಹಪ್ರವೇಸದಲ್ಲಿ ಊಟ ಆಕ್ತಾರೆ ಮೇಡಂ. ಇದ್ರಲ್ಲಿ ಊಟ ಇಲ್ಲ.”

ಬೀದಿ ನಕ್ಕಿತು. ನಗುವುದರಲ್ಲಿ ನಾವು ಯಾವಾಗಲೂ ಧೈರ್ಯಶಾಲಿಗಳು. ಹೊಂಬಾಳಮ್ಮ ಮಾತ್ರ ನಗದೆ ಮಾಲೀಕರ ಕಡೆ ತಿರುಗಿ, “ಮನೆ ಎಸ್ರು ಕೆಡ್ತದೆ ಅಂತಿದ್ರಲ್ಲಾ, ಈಗ ಏನಣ್ಣ?” ಎಂದು ಕೇಳಿ ಹಗ್ಗವನ್ನು ಪುನೀತನ ಕೈಯಿಂದ ಬಿಡಿಸಿಕೊಂಡರು. ಶಾಲಿನಿ ಅಲ್ಲಿಯೇ ನಿಂತು, ಈ ಹಸುವಿಗೂ ಕಂಪನಿಗೂ ಸಂಬಂಧವಿಲ್ಲವೆಂದು ಕೈಬರಹದಲ್ಲಿ ಬರೆದು ಸಹಿ ಹಾಕಿಕೊಟ್ಟರು. ಆಗ ದಪ್ಪನೆಯ ಆಸಾಮಿ ಮೊದಲ ಸಲ ಬಾಯಿ ಬಿಟ್ಟ: “ಮೇಡಂ, ಆಟೋ ಬಾಡ್ಗೆ ಯಾರ್ ಕೊಡ್ತಾರೆ?”

ರವಿಚಂದ್ರ ಈಗ ಮದ್ದೂರಿನಲ್ಲಿ ಇದ್ದಾನಂತೆ, ಬೇರೊಂದು ಕಂಪನಿಯಿಂದ ಕುರಿ ಸಾಲ ಪಡೆದಿದ್ದಾನಂತೆ. ದೀಪಿಕಳಿಗೆ ಇನ್ನೊಂದು ವರ್ಷದ ಓದಿದೆ. ದೇವರಾಜು ಎಂದಿನಂತೆ ಬಾಡಿಗೆ ಏರಿಸುವ ಮಾತು ತೆಗೆಯುತ್ತಾರೆ, ಆದರೆ ಉಪದೇಶವನ್ನು ನಿಲ್ಲಿಸಿದ್ದಾರೆ.

ಹೊಂಬಾಳಮ್ಮ ಈಗ ವಾರಕ್ಕೆ ಎರಡು ದಿನ ಅದೇ ಕಂಪನಿಗೆ, ಸಾಲ ಕೊಡುವ ಮೊದಲು, ಹಸು ಪರೀಕ್ಷೆ ಮಾಡಿಕೊಡುತ್ತಾರೆ. ಶಾಲಿನಿಯವರೇ ಬಂದು ಕೇಳಿದರು. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ತಂದು ಬಿಡಬೇಕು, ಹಸು ಒಂದಕ್ಕೆ ಇನ್ನೂರು, ಹಣ ಕೈಗೇ ಕೊಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಕರೆದೊಯ್ಯುವವನು ಪುನೀತನೇ. ಶಿವಪುರ, ಹೊಳಲು ಎಂದು ಅವನ ಬೈಕಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕುಳಿತು ಹೋಗುತ್ತಾರೆ. ಹಸುವಿನ ತುಟಿ ಎತ್ತಿ ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ಅಕ್ಕಪಕ್ಕದ ಮನೆಯವರನ್ನು ಕರೆದು ಇದು ಯಾರದೆಂದು ಕೇಳುತ್ತಾರೆ. ಕಳೆದ ಗುರುವಾರ ಹೊಳಲಿನಲ್ಲಿ ಸಾಲ ಕೇಳಿದ ಒಬ್ಬ ತನ್ನದೆಂದು ತೋರಿಸಿದ ಹಸು, ಅವನು ಹತ್ತಿರ ಬಂದರೆ ಬುಸುಗುಟ್ಟಿ ದೂರ ಸರಿಯಿತಂತೆ. “ಇದ್ಕೆ ನಿನ್ ಪರಿಚಯ ಯಾವಾಗ್ಲಾ ಆಗಿದ್ದು, ಇವತ್ ಬೆಳಿಗ್ಗೆನಾ?” ಎಂದು ಕೇಳಿ, ಫೋಟೋ ತೆಗೆಯಲು ಹೊರಟಿದ್ದ ಪುನೀತನಿಗೆ ಫೋನನ್ನು ಜೇಬಿಗಿಡಲು ಹೇಳಿ, ಬೈಕು ಹತ್ತಿ ಕುಳಿತರಂತೆ.