ತಂಬಿಗೆಯ ನೆರಳು

ಯಾರ ಮನೆಗೆ ಹೋದರೂ ಮುಂದೆ ತಂದಿಟ್ಟ ನೀರಿನ ಲೋಟವನ್ನು ನಾನು ಒಡನೆ ಎತ್ತಿಕೊಳ್ಳುವುದಿಲ್ಲ. ಮೊದಲು ಅದರ ನೆರಳು ಯಾವ ಕಡೆ ಬಿದ್ದಿದೆಯೆಂದು ನೋಡುತ್ತೇನೆ. ಈ ನಿರುಪದ್ರವಿ ಅಭ್ಯಾಸದಿಂದ ನಾನು ಗಳಿಸಿದ ಅಪಕೀರ್ತಿ ಅಷ್ಟಿಷ್ಟಲ್ಲ. ಬಲು ಮಡಿಯವಳೆಂದು ಕೆಲವರು, ತೊಳೆದ ಪಾತ್ರೆಗೂ ಮೂಗು ಮುರಿಯುವವಳೆಂದು ಹಲವರು ನನ್ನನ್ನು ವರ್ಗೀಕರಿಸಿಬಿಟ್ಟಿದ್ದಾರೆ. ಥಳಥಳ ಹೊಳೆಯುತ್ತಿದ್ದ ಲೋಟವೇ ಒಳಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿಕೊಂಡು ಬಂದದ್ದೂ ಉಂಟು. ನನ್ನ ಬೀಗಿತ್ತಿಯಂತೂ ನನಗೆಂದೇ ಒಂದು ಬೆಳ್ಳಿಯ ಲೋಟವನ್ನು ಬೇರೆ ಎತ್ತಿಟ್ಟಿದ್ದಾರೆಂದು ಸುದ್ದಿ. ಓದುಗರೇ, ನೀವಾದರೂ ನಂಬಿ: ಇದರಲ್ಲಿ ಲೋಟದ ತಪ್ಪಿಲ್ಲ, ನನ್ನ ತಪ್ಪೂ ಇಲ್ಲ. ಇದೆಲ್ಲ ರೋಣದ ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಡ್ರಾಯಿಂಗ್ ಮಾಸ್ತರರ ಪ್ರಸಾದ.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಅಸೂಟಿಯಲ್ಲಿ ಹುಟ್ಟಿದ ನಾನು ಮುಂದಿನ ಓದಿಗೆಂದು ರೋಣದ ಅಜ್ಜಿಯ ಮನೆ ಸೇರಿದ್ದೆ. ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಮೇಲ್ಮಟ್ಟದ ಗಣಿತದಿಂದ ತಲೆ ತಪ್ಪಿಸಿಕೊಳ್ಳುವ ಒಂದೇ ಸದುದ್ದೇಶದಿಂದ ನಾನು ಚಿತ್ರಕಲೆಯನ್ನು ಆಯ್ದುಕೊಂಡೆ. ಮನೆಮುಂದಿನ ರಂಗೋಲಿಯಲ್ಲಿ ಓಣಿಗೆಲ್ಲ ಹೆಸರಾದವಳಿಗೆ ಕಾಗದದ ಮೇಲೆ ನಾಲ್ಕು ಗೆರೆ ಎಳೆಯುವುದು ಯಾವ ಮಹಾ ವಿದ್ಯೆ ಎಂಬ ಅಹಂಕಾರವೂ ಜೊತೆಗಿತ್ತು. ಆ ಅಹಂಕಾರ ಮೊದಲ ಶನಿವಾರವೇ ಮಣ್ಣುಗೂಡಿತು.

ಮಾಸ್ತರರು ಧಾರವಾಡದ ಕಡೆಯವರು. ಕಪ್ಪು ಕೋಟು, ಬಿಳಿ ಧೋತರ, ಮೊಳದುದ್ದದ ಮೌನ. ಮೇಜಿನ ಮೇಲೆ ಒಂದು ಹಿತ್ತಾಳೆಯ ತಂಬಿಗೆಯನ್ನಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ನೋಡುತ್ತ ಕೂಡಬೇಕೆಂದು ಹೇಳಿ ತಾವೂ ಕೂತುಬಿಟ್ಟರು. ನೋಡಿದೆವು. ಆಕಳಿಸಿದೆವು. ಮತ್ತೆ ನೋಡಿದೆವು. ಪೆನ್ಸಿಲ್ ಮುಟ್ಟಲು ಅಪ್ಪಣೆ ಸಿಕ್ಕಾಗ ಗಂಟೆ ಬಾರಿಸುವ ಹೊತ್ತಾಗಿತ್ತು. ಮುಂದಿನ ವಾರ ಬೇರೆ ಏನಾದರೂ ಬಂದೀತೆಂದು ಕಾದವರ ಮುಂದೆ ಮತ್ತೆ ಅದೇ ತಂಬಿಗೆ ಪ್ರತ್ಯಕ್ಷವಾಯಿತು. ಆ ಮಳೆಗಾಲವಿಡೀ ನಾವು ಆ ತಂಬಿಗೆಯನ್ನೇ ಉಪಾಸನೆ ಮಾಡಿದೆವು. ಅಷ್ಟು ಏಕಾಗ್ರತೆಯಿಂದ ದೇವರನ್ನು ನೋಡಿದ್ದರೆ ಅವನು ನಾಚಿಕೊಂಡಾದರೂ ಕಾಣಿಸಿಕೊಳ್ಳುತ್ತಿದ್ದ.

ರಬ್ಬರಿಗೆ ಆ ಕೋಣೆಯಲ್ಲಿ ಪ್ರವೇಶವಿರಲಿಲ್ಲ. ಇದ್ದ ಒಂದೇ ರಬ್ಬರು ಮಾಸ್ತರರ ಕೋಟಿನ ಕಿಸೆಯಲ್ಲಿದೆಯೆಂದು ಪ್ರತೀತಿ, ಕಂಡವರಿಲ್ಲ. ಒಮ್ಮೆ ಒಬ್ಬ ಹುಡುಗ ಧೈರ್ಯ ಮಾಡಿ ಕೇಳಿದಾಗ ಅವರು ಸಿಟ್ಟಾಗಲಿಲ್ಲ.

“ನೋಡಿ ಚಿತ್ರ ತೆಗಿಯಾವರಿಗೆ ರಬ್ಬರ್ ಬೇಕಾಗೂದಿಲ್ಲಪಾ,” ಎಂದರು. “ನೋಡದ ತೆಗಿಯಾವರಿಗೆ ರಬ್ಬರ್ ಸಾಲೂದಿಲ್ಲ.”

ಇನ್ನು ಅಳತೆಯ ಮಾತು. ಪೆನ್ಸಿಲನ್ನು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ತಂಬಿಗೆಯ ಕೊರಳಿಗೂ ಹೊಟ್ಟೆಗೂ ಇರುವ ಅನುಪಾತವನ್ನು ಹಿಡಿಯಬೇಕು. ತಂಬಿಗೆಯ ಹಿಂದೆ ಸಾಕ್ಷಾತ್ ಮಾಸ್ತರರೇ ನಿಂತಿರುವಾಗ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಅತ್ತ ಮುಖ ಮಾಡಿ ಒಂದು ಕಣ್ಣು ಮುಚ್ಚುವುದಾದರೂ ಹೇಗೆ? ತರಗತಿಯಲ್ಲಿದ್ದ ನಾವು ಮೂವರು ಹುಡುಗಿಯರು ಬಹುಕಾಲ ಎರಡೂ ಕಣ್ಣು ಮುಚ್ಚಿ ಅಳೆದೆವು. ಫಲಿತಾಂಶವೂ ತಕ್ಕಂತೆಯೇ ಇತ್ತು. ಕೊನೆಗೆ ನಾನು ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಅಡಿಗೆಮನೆಯಲ್ಲಿ ತಂಬಿಗೆಯ ಮುಂದೆ ಒಂಟಿಗಣ್ಣಿನಲ್ಲಿ ಕೂತ ಮೊಮ್ಮಗಳನ್ನು ಕಂಡು ಗಾಬರಿಯಾದ ಆಯಿ, ಮೊದಲು ದೃಷ್ಟಿ ತೆಗೆದು ನೋಡಿ, ಅದಕ್ಕೂ ಬಗ್ಗದಾಗ ದವಾಖಾನೆಯ ಮಾತೆತ್ತಿದಳು.

ಇಷ್ಟೆಲ್ಲ ಕಾಟದ ನಡುವೆ, ಅದು ಯಾವ ಮಾಯದಲ್ಲೋ, ನನಗೆ ಆ ತರಗತಿಯ ಹುಚ್ಚು ಹಿಡಿದುಬಿಟ್ಟಿತ್ತು. ಸರಕಾರದ ಡ್ರಾಯಿಂಗ್ ಪರೀಕ್ಷೆ ಗದಗಿನಲ್ಲಿ ನಡೆಯುತ್ತಿತ್ತು. ಮಾಸ್ತರರು ಎಲ್ಲರನ್ನೂ ಕಳಿಸುತ್ತಿರಲಿಲ್ಲ. ನೋಡಲು ಕಲಿತವರನ್ನಷ್ಟೇ ಕಳಿಸುತ್ತಿದ್ದರು. ಆಯಿ ಕೂಡ ತನ್ನ ಷರತ್ತು ಹಾಕಿದ್ದಳು: ಮಾಸ್ತರರು ತಮ್ಮ ಬಾಯಿಂದ ಹೂಂ ಎಂದರೆ ಗದಗು, ಇಲ್ಲವಾದರೆ ಬೇಸಿಗೆಯಲ್ಲಿ ಅಸೂಟಿ, ಅಲ್ಲಿಂದ ಮುಂದೆ ಮದುವೆಯ ಮಾತು. ಹೀಗೆ ಒಂದು ತಂಬಿಗೆಯ ಮೇಲೆ ನನ್ನ ಭವಿಷ್ಯವೆಲ್ಲ ನಿಂತಿತ್ತು.

ಕುತ್ತು ಬಂದದ್ದು ನೆನಪಿನ ಚಿತ್ರದಿಂದ. ಎದುರಿಗಿಲ್ಲದ ವಸ್ತುವನ್ನು ನೆನೆದು ತೆಗೆಯುವುದು ಆ ಪರೀಕ್ಷೆಯ ಒಂದು ಭಾಗ. ಮಾಸ್ತರರು ಮೇಜನ್ನು ಬರಿದು ಮಾಡಿ, ನಿಮ್ಮ ಮನೆಯ ಪಾತ್ರೆಗಳನ್ನು ತೆಗೆಯಿರಿ ಎಂದರು. ನಾನು ನಮ್ಮ ತಂಬಿಗೆಯನ್ನು ಎದೆತುಂಬ ನೆನೆದು ತೆಗೆದೆ. ಕೊರಳಿನ ಸುತ್ತ ಬೆಳಕು, ಹೊಟ್ಟೆಯ ಕೆಳಗೆ ಕತ್ತಲೆ, ಬುಡದ ಸುತ್ತ ಬೆಕ್ಕು ಮುದುಡಿ ಮಲಗಿದ ಹಾಗೆ ದುಂಡನೆಯ ನೆರಳು. ಮಾಸ್ತರರು ಕೆಂಪು ಪೆನ್ಸಿಲಿನಿಂದ ಆ ನೆರಳಿನ ಮೇಲೆ ದೊಡ್ಡದೊಂದು ತಪ್ಪಿನ ಕಾಟು ಹಾಕಿದರು. ಮುಂದಿನ ವಾರವೂ ಹಾಕಿದರು. ಮೂರನೆಯ ಸಲ ಹಾಳೆಯನ್ನು ಕೈಯಲ್ಲಿ ಹಿಡಿದು, ನೆರಳೆಂದರೆ ಒಂದು ಮಗ್ಗುಲಿಗೆ ಬೀಳುವುದು, ಇದು ಕಂಡ ನೆರಳಲ್ಲ, ಕಟ್ಟಿದ ನೆರಳು ಎಂದು ತೀರ್ಪು ಕೊಟ್ಟರು. ನೋಡದೆ ತೆಗೆಯುವವರನ್ನು ತಾವು ಗದಗಿಗೆ ಒಯ್ಯುವುದಿಲ್ಲ ಎಂದೂ ಸೇರಿಸಿದರು.

ಬೈದಿದ್ದರೆ ಸಹಿಸುತ್ತಿದ್ದೆ. ಗೆರೆ ಸೊಟ್ಟಗಿದೆ, ಅನುಪಾತ ತಪ್ಪಿದೆ ಎಂದಿದ್ದರೆ ಒಪ್ಪುತ್ತಿದ್ದೆ. ಅವೆರಡೂ ನನ್ನ ಹುಟ್ಟುಗುಣಗಳು. ಆದರೆ ನೋಡಿಲ್ಲವೆಂದರೆ? ಊಟ ಆರುವವರೆಗೆ, ಆಯಿ ಒದರುವವರೆಗೆ ಆ ತಂಬಿಗೆಯನ್ನು ನೋಡಿದವಳು ನಾನು. ಮಾಸ್ತರರಿಗೆ ಎದುರಾಡುವುದು ಆ ಕಾಲದಲ್ಲಿ ಹುಡುಗರಿಗೇ ಇಲ್ಲದ ಪದ್ಧತಿ. ಆದರೂ ನನಗೇ ಗೊತ್ತಿಲ್ಲದಂತೆ ಎದ್ದು ನಿಂತಿದ್ದೆ.

“ಸರ್, ನಮ್ಮ ಮನ್ಯಾಗ ನೆರಳು ಹಿಂಗ ಬೀಳತೈತ್ರಿ,” ಎಂದೆ.

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ತಂಬಿಗೆಯನ್ನು ನೋಡುವಷ್ಟೇ ಹೊತ್ತು ನನ್ನ ಮುಖವನ್ನು ನೋಡಿ, ಮನೆ ಯಾವ ಓಣಿಯಲ್ಲಿದೆಯೆಂದು ಕೇಳಿದರು.

ರವಿವಾರ ನಡುಮಧ್ಯಾಹ್ನ ಛತ್ರಿ ಹಿಡಿದುಕೊಂಡು ಬಂದೇಬಿಟ್ಟರು. ಆಯಿ ಕಂಬಳಿ ಹಾಸಿದಳು, ಚಹಕ್ಕೆ ಇಟ್ಟಳು. ಕೋಟು ತೊಟ್ಟ ಗಂಡಸು ಹುಡುಗಿಯ ಮನೆ ಹುಡುಕಿಕೊಂಡು ಬಂದನೆಂದರೆ ವರನ ಸುದ್ದಿಯೇ ಇರಬೇಕೆಂದು ಹೊಸ ಸೀರೆಯನ್ನೂ ಸುತ್ತಿಕೊಂಡಳು. ಅವರು ಕೇಳಿದ್ದು ಮಾತ್ರ ತಂಬಿಗೆಯನ್ನು. ಮೆಟ್ಟು ಕಳೆದು, ಆಯಿಯ ಅಪ್ಪಣೆ ಪಡೆದು, ಅಡಿಗೆಮನೆಯ ಹೊಸ್ತಿಲ ಬಳಿ ನೆಲಕ್ಕೆ ಕೂತರು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ನಮ್ಮ ಸೀಮೆಯ ಎಷ್ಟೋ ಮನೆಗಳ ಹಾಗೆ ಅದಕ್ಕೂ ಕಿಟಕಿಯೆಂಬುದಿರಲಿಲ್ಲ. ಒಳಗಿನ ಹೊಗೆ ಹೊರಗೆ ಹೋಗುವುದಕ್ಕೂ ಹೊರಗಿನ ಬೆಳಕು ಒಳಗೆ ಬರುವುದಕ್ಕೂ ನೆತ್ತಿಯ ಮೇಲೆ ಒಂದೇ ಒಂದು ಬೆಳಕಿಂಡಿ. ಅಲ್ಲಿಂದ ಇಳಿದ ಬೆಳಕು ನೇರವಾಗಿ ತಂಬಿಗೆಯ ತಲೆಯ ಮೇಲೆ ಬೀಳುತ್ತಿತ್ತು. ನೆರಳು ಬುಡ ಬಿಟ್ಟು ಕದಲುತ್ತಿರಲಿಲ್ಲ. ಹಂಚಿನ ಮನೆಯಲ್ಲಿ, ದೊಡ್ಡ ಕಿಟಕಿಗಳ ನಡುವೆ ಬೆಳೆದ ಮಾಸ್ತರರು ಸುಮ್ಮನೆ ನೋಡಿದರು. ತಂಬಿಗೆಯನ್ನು ಗೇಣು ಸರಿಸಿ ನೋಡಿದರು. ಆಮೇಲೆ ಕಿಸೆಯ ಪೆನ್ಸಿಲ್ ತೆಗೆದು, ಕೈ ಚಾಚಿ, ಒಂದು ಕಣ್ಣು ಮುಚ್ಚಿದರು. ಮೊಮ್ಮಗಳಿಗೆ ಆ ರೋಗ ಎಲ್ಲಿಂದ ಅಂಟಿತೆಂಬುದು ಆಯಿಗೆ ಅರ್ಥವಾದದ್ದು ಆಗ.

ಚಹ ತಣ್ಣಗಾಗಿತ್ತು. ಅದನ್ನೇ ಕುಡಿದು ಎದ್ದರು.

“ನೀ ನೋಡೇ ತೆಗದಿದ್ದಿ, ತಂಗಿ,” ಎಂದರು. “ನೋಡಲಾರದಾಂವ ನಾನು.”

ಆಯಿಗೆ ನೆರಳಿನ ಶಾಸ್ತ್ರ ತಿಳಿಯದಿದ್ದರೂ ಸಮಯ ತಿಳಿಯುತ್ತಿತ್ತು. “ಹಂಗಾರ ಹುಡಿಗಿ ಗದಗಿಗೆ ಬರಬಹುದೇನ್ರಿ?” ಎಂದಳು.

“ನಾನ ಕರಕೊಂಡು ಹೊಕ್ಕೀನ್ರಿ,” ಎಂದರು ಮಾಸ್ತರರು.

ಅಷ್ಟಕ್ಕೇ ಮುಗಿದಿದ್ದರೂ ನಾನು ಅವರನ್ನು ಜನ್ಮವಿಡೀ ನೆನೆಯುತ್ತಿದ್ದೆ. ಮುಗಿಯಲಿಲ್ಲ. ಮುಂದಿನ ಶನಿವಾರ ಇಡೀ ತರಗತಿಯ ಮುಂದೆ ನನ್ನ ಮೂರು ಹಾಳೆಗಳನ್ನೂ ತರಿಸಿಕೊಂಡು, ಈ ನೆರಳು ಖರೇ ನೆರಳು, ಇದನ್ನು ತಪ್ಪೆಂದದ್ದು ತಮ್ಮ ತಪ್ಪು ಎಂದು ಎಂದಿನ ಸಮಧಾತುವಿನ ದನಿಯಲ್ಲಿ ಹೇಳಿದರು. ಆಮೇಲೆ ಕೋಟಿನ ಕಿಸೆಗೆ ಕೈ ಹಾಕಿದರು. ಹೊರಗೆ ಬಂತು ಆ ರಬ್ಬರು! ಅಂಚು ಕೂಡ ಸವೆಯದ, ಹೊಚ್ಚ ಹೊಸ ರಬ್ಬರು. ಅದರಿಂದ ಮಾಸ್ತರರು ತಾವು ಹಾಕಿದ ಕೆಂಪು ಕಾಟುಗಳನ್ನು ಒರೆಸತೊಡಗಿದರು. ಕೆಂಪು ಪೆನ್ಸಿಲು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಕಾಗದ ತೆಳ್ಳಗಾಯಿತು, ಒಂದೆಡೆ ಹರಿದೂ ಹೋಯಿತು. ಅವರು ಮಾತ್ರ ಮೂರೂ ಹಾಳೆ ಮುಗಿಯುವವರೆಗೆ ಕೈ ಬಿಡಲಿಲ್ಲ. ಯಾರೂ ನಗಲಿಲ್ಲ. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಗದಗಿನ ಪರೀಕ್ಷೆಯಲ್ಲಿ ಅಡಿಗೆಮನೆಯ ನೆನಪಿನ ಚಿತ್ರವೇ ಬಂತು. ಪರೀಕ್ಷಕರು ನಿಮ್ಮ ಮನೆಗೆ ಬಂದು ನೋಡುವುದಿಲ್ಲ, ಆದ್ದರಿಂದ ಬೆಳಕು ಬಂದ ದಾರಿಯನ್ನೂ ಚಿತ್ರದಲ್ಲೇ ತೋರಿಸಬೇಕೆಂದು ಮಾಸ್ತರರು ಹೇಳಿಕೊಟ್ಟಿದ್ದರು. ಮೇಲೆ ಬೆಳಕಿಂಡಿ ತೆಗೆದೆ, ಕೆಳಗೆ ತಂಬಿಗೆ ತೆಗೆದೆ, ನಡುವೆ ಒಲೆಯ ಹೊಗೆಯನ್ನೂ ಬಿಟ್ಟೆ. ಪಾಸಾದೆ. ದರ್ಜೆಯನ್ನು ಮಾತ್ರ ಕೇಳಬೇಡಿ. ಮೊಮ್ಮಕ್ಕಳು ಇದನ್ನು ಓದುವ ಸಂಭವವಿದೆ. ಮದುವೆಯ ಮಾತು ಎರಡು ವರ್ಷ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ನಾನು ಮ್ಯಾಟ್ರಿಕ್ ಮುಗಿಸಿಕೊಂಡೆ. ಚಿತ್ರಗಾರ್ತಿಯೇನೂ ಆಗಲಿಲ್ಲ. ಆದರೆ ಯಾರನ್ನಾದರೂ ತಪ್ಪೆನ್ನುವ ಮೊದಲು ಅವರ ಮನೆಗೆ ಬೆಳಕು ಯಾವ ಕಡೆಯಿಂದ ಬರುತ್ತದೆಂದು ಹೋಗಿ ನೋಡಬೇಕೆಂಬುದನ್ನು ಕಲಿತೆ, ಎಂದು ಬರೆಯಲು ಆಸೆ. ಕಲಿತೆನೋ ಇಲ್ಲವೋ ನನ್ನ ಸೊಸೆಯರನ್ನು ಕೇಳಬೇಕು.

ಮೊನ್ನೆ ಗಜೇಂದ್ರಗಡದಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಹೊಸದಾಗಿ ಬಂದ ಸೊಸೆ ನೀರು ತಂದಿಟ್ಟಳು. ನಾನು ಯಥಾಪ್ರಕಾರ ಲೋಟ ಮುಟ್ಟದೆ ಕೂತೆ. ಅವಳು ಲೋಟವನ್ನು ತೊಳೆಯಲು ಒಯ್ಯಲಿಲ್ಲ. ಏನು ನೋಡುತ್ತಿದ್ದೀರೆಂದು ಕೇಳಿದಳು. ಲೋಟಕ್ಕೆ ಎರಡು ನೆರಳಿವೆ, ಒಂದು ಕಿಟಕಿಯದು, ಇನ್ನೊಂದು ದೀಪದ್ದು ಎಂದು ಐವತ್ತರ ದಶಕದ ಸಮಸ್ತ ಪಾಂಡಿತ್ಯದೊಂದಿಗೆ ಅಪ್ಪಣೆ ಕೊಡಿಸಿದೆ. ಹುಡುಗಿ ಸೆರಗು ಸಾವರಿಸಿಕೊಂಡು ಮೇಜಿನ ಮಟ್ಟಕ್ಕೆ ಬಗ್ಗಿದಳು.

“ಎರಡಲ್ರಿ ಅತ್ತಿ, ಮೂರದಾವು,” ಎಂದಳು.

ಅಲ್ಲವೆಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕನ್ನಡಕ ಒರೆಸಿ, ಅವಳ ಪಕ್ಕದಲ್ಲಿ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ಮೂರೇ ಇದ್ದವು.