ಏಳು ಸಾಲು ಬೇಡದ ಕ್ಯಾಲೆಂಡರ್

ಕಚೇರಿಯಲ್ಲಿ ಅವಳಿಗೆ ಏಳು ಸಾಲಿನ ಅಕ್ಕ ಎಂದೇ ಹೆಸರು. ಟೈಪಿಂಗ್ ಕಲಿಸುತ್ತಿದ್ದವಳು ನಡುವಯಸ್ಸಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿತು, ವೆಬ್ ಪುಟ ಕಟ್ಟುವವರಿಗಾಗಿ ಒಂದು ಕ್ಯಾಲೆಂಡರ್ ಮಾಡಿದ್ದಳು. ಪುಟದಲ್ಲಿ ಕೂರಿಸಿದರೆ ಸಾಕು, ದಿನಾಂಕ ಒತ್ತಿ ಆರಿಸಬಹುದು. 'ಸಾಕು' ಅನ್ನುವುದು ಜಾಹೀರಾತಿನ ಮಾತು. ಅದರ ಬಣ್ಣ, ಗೆರೆ, ಚಲನೆಯ ಫೈಲುಗಳೆಲ್ಲ ಜಾರ್ ಎಂಬ ಒಂದೇ ಗಂಟಿನೊಳಗೆ ಇದ್ದರೂ, ಅವು ಎಲ್ಲಿವೆ ಎಂದು ಪುಟ ಒದಗಿಸುವ ಸರ್ವರ್‌ಗೆ ತಿಳಿಸಲು ತೆಗೆದುಕೊಂಡವರೇ ತಮ್ಮ ಸೆಟ್ಟಿಂಗ್ ಫೈಲಿನಲ್ಲಿ ಏಳು ಸಾಲು ಬರೆಯಬೇಕಿತ್ತು. ಮಂಚ ಮಾರಿ, ಕಾಲು ನೀವೇ ಕೂರಿಸಿಕೊಳ್ಳಿ ಅನ್ನುವ ವ್ಯಾಪಾರ.

ಆಸ್ಪತ್ರೆಯೊಂದು ವೈದ್ಯರ ಭೇಟಿಗೆ ದಿನ ಗೊತ್ತುಮಾಡುವ ಪುಟ ತೆರೆಯುವುದಿತ್ತು. ಅಲ್ಲಿನ ಮ್ಯಾನೇಜರರು ಖಡಾಖಂಡಿತವಾಗಿ ಹೇಳಿದ್ದರು: "ಆ ಏಳು ಸಾಲಿನ ರಗಳೆ ಬೇಡಮ್ಮ. ಶುಕ್ರವಾರದೊಳಗೆ ಅದು ತಾನಾಗೇ ಬರ್ಬೇಕು. ಇಲ್ಲಾಂದ್ರೆ ಬೇರೆಯವರದ್ದು ತಗೋತೀವಿ."

ಎರಡು ವರ್ಷದ ದುಡಿಮೆ ಮೂಲೆ ಸೇರುವ ಹಾಗಿತ್ತು. ಅಕ್ಕ ಫೈಲುಗಳ ಒಂದು ಪ್ರತಿಯನ್ನು ಜಾರ್‌ನೊಳಗೇ, ಯಾರೂ ಹೇಳದೆ ಸರ್ವರ್ ತಾನೇ ಇಣುಕಿ ನೋಡುವ ಫೋಲ್ಡರಿಗೆ ಹಾಕಿದಳು. ಹಳೆಯದೂ ಇರಲಿ ಎಂದು ಬಿಟ್ಟಳು. ತನ್ನ ಕಂಪ್ಯೂಟರಿನಲ್ಲಿ ತೆರೆದರೆ ಕ್ಯಾಲೆಂಡರ್ ಮದುವಣಗಿತ್ತಿಯಂತೆ ಬಂದು ನಿಂತಿತು. 'ಇನ್ನು ಏನೂ ಬರೆಯಬೇಕಾಗಿಲ್ಲ' ಎಂದು ಬರೆದು ಕಳಿಸಿದಳು.

ಆಸ್ಪತ್ರೆಯ ಪುಟ ನೋಡಿಕೊಳ್ಳುತ್ತಿದ್ದವನು ಅವಳ ಮೈದುನನೇ. ಎರಡು ಹೆಜ್ಜೆ ಇಡಬೇಕಾದಲ್ಲಿ ಕುರ್ಚಿಯನ್ನೇ ಉರುಳಿಸಿಕೊಂಡು ಹೋಗುವ ಪ್ರಾಣಿ. ಗುರುವಾರ ಮಧ್ಯಾಹ್ನ ಅವನ ಫೋನು ಬಂತು.

"ಅತ್ತಿಗೆ, ನಿಮ್ಮ ಕ್ಯಾಲೆಂಡರ್ ಮುಖ ತೊಳೀದೆ ಎದ್ದು ಬಂದಿದೆ."

"ಏನಂದೆ?"

"ಬಣ್ಣ ಇಲ್ಲ, ಗೆರೆ ಇಲ್ಲ. ಒಂದರಿಂದ ಮೂವತ್ತರ ತನಕ ಉದ್ದಕ್ಕೆ ಸುರ್ಕೊಂಡಿದೆ. ಒತ್ತಿದ್ರೆ ಮಾತಿಲ್ಲ."

"ನೀನೇ ಏನೋ ಬಿಟ್ಟಿರ್ತೀಯ."

"ಏನೂ ಬರೀಬೇಡಿ ಅಂದ್ರಿ, ಬರೀಲಿಲ್ಲ. ಜೀವನದಲ್ಲಿ ಮೊದಲ ಸಲ ಹೇಳಿದ ಹಾಗೆ ಕೇಳಿದ್ದೀನಿ, ಅದಕ್ಕೂ ಬೈತೀರಾ?"

ಫೋನು ಕಿವಿಗಿಟ್ಟುಕೊಂಡೇ ಅವಳು ತನ್ನ ಸೆಟ್ಟಿಂಗ್ ಫೈಲ್ ತೆರೆದಳು. ಆ ಏಳು ಸಾಲು, ಬಂದು ಬೇರು ಬಿಟ್ಟ ನೆಂಟರಂತೆ, ಅಲ್ಲೇ ಕುಳಿತಿದ್ದವು. ಎಂದೋ ತಾನೇ ಬರೆದು ಮರೆತದ್ದು. ಅಳಿಸಿದಳು. ಅವಳ ಪರದೆಯಲ್ಲೂ ಸಂಖ್ಯೆಗಳು ಉದ್ದಕ್ಕೆ ಸುರಿದವು. ಫೈಲುಗಳಿಗೆ ಹೊಸ ಮನೆ ಸಿಕ್ಕಿದ್ದರೂ ಕ್ಯಾಲೆಂಡರ್ ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿತ್ತು. ಆ ಬಾಗಿಲು ತೆರೆಯುತ್ತಿದ್ದದ್ದು ಏಳು ಸಾಲಿದ್ದರೆ ಮಾತ್ರ.

ವಿಳಾಸ ತಿದ್ದಿ, ಹಳೆಯ ಪ್ರತಿಯನ್ನು ಕಿತ್ತೆಸೆದು, ಸಂಜೆಯೊಳಗೆ ಹೊಸ ಜಾರ್ ಕಳಿಸಿದಳು.

"ಬಂತು ಅತ್ತಿಗೆ, ಚೆನ್ನಾಗಿ ಬಂತು. ನಾನು ಬೆರಳೂ ಎತ್ತಲಿಲ್ಲ."

"ಎತ್ತದೇ ಇದ್ದದ್ದಕ್ಕೇ ನಾನು ಉಳ್ಕೊಂಡೆ ಕಣಪ್ಪ. ಬುದ್ಧಿವಂತರಾಗಿದ್ರೆ ಸದ್ದಿಲ್ಲದೆ ಏಳು ಸಾಲು ಬರ್ಕೊಂಡು ಸರಿ ಮಾಡ್ಕೊಂಡಿರೋರು. ನನಗೆ ಗೊತ್ತೇ ಆಗ್ತಿರಲಿಲ್ಲ."

"ಸೋಮಾರಿತನಕ್ಕೆ ಹೊಗಳಿಕೆ ಇದೇ ಮೊದಲು. ಅಣ್ಣನ ಎದುರಿಗೂ ಒಂದ್ಸಲ ಹೇಳಿ."

ಶುಕ್ರವಾರ ಮ್ಯಾನೇಜರರು ಮೂರು ತಾರೀಖು ಒತ್ತಿ ನೋಡಿ, "ಇದೇ ಇರ್ಲಿ" ಎಂದರು. ಅಷ್ಟೇ ಮಾತು. ಅಕ್ಕನ ಕಣ್ಣು ತುಂಬಿತು. ಮೈದುನ ಕಿಟಕಿಯಾಚೆ ಏನೋ ಇದೆ ಎಂಬಂತೆ ನೋಡುತ್ತ ನಿಂತ. ಈಗ ಅವಳ ಯಾವ ಹೊಸ ಸರಕೂ ಮೊದಲು ಹೋಗುವುದು ಅವನ ಕೈಗೆ. ಅವನು ಏನೂ ಮಾಡದೆಯೇ ಅದು ಕೆಲಸ ಮಾಡಿದರೆ ಮಾತ್ರ ಉಳಿದವರಿಗೆ.